ಎತ್ತಿ ತಳ್ಳುವ ಬಾಗಿಲು

ಬ್ಯಾಂಕಿನವನು ಬೆವರಿ ತೊಪ್ಪೆಯಾಗಿದ್ದ. ಬೀಗವೇನೋ ತೆರೆಯಿತು, ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಹಿಂದೆ ಟೈಲರಮ್ಮ ನಿಂತಿದ್ದಳು. ಅವಳ ಹಿಂದೆ ಟೆಂಪೋ; ಅದರಲ್ಲಿ ಮಂಚ, ಹೊಲಿಗೆ ಮೆಷಿನ್ನು, ಪಾತ್ರೆಪಗಡ. ಬೆಕ್ಕು ಮರಿ ಹೊತ್ತ ಹಾಗೆ ಸಂಸಾರವನ್ನು ಏಳು ಬಾಡಿಗೆ ಮನೆ ತಿರುಗಿಸಿದ್ದಳು. ಎಂಟನೆಯದು ಇದು, ಸ್ವಂತದ್ದು. ಸಾಲಕ್ಕೆ ಜಪ್ತಿಯಾದ ಮನೆ, ಬ್ಯಾಂಕಿನ ಹರಾಜಿನಲ್ಲಿ ಸಿಕ್ಕಿದ್ದು. ಖುಷಿಯಾಗಬೇಕಿತ್ತು. ಆಯಾಸ ಬಿಟ್ಟು ಇನ್ನೇನೂ ಆಗುತ್ತಿರಲಿಲ್ಲ.

"ಒಡೆಸಿಬಿಡೋಣ," ಅಂದ ಬ್ಯಾಂಕಿನವನು.

"ಅಯ್ಯೋ, ಬೇಡಪ್ಪಾ! ಮೊದಲನೇ ದಿನಾನೇ ಬಾಗಿಲು ಒಡೆದು ನುಗ್ಗೋಕೆ ನಾನೇನು ಕಳ್ಳೀನಾ?"

ಹರಾಜಾದ ದಿನದಿಂದ ಅವಳಿಗೆ ಅದೇ ಕೊರಗು. ಬೇರೆಯವರ ಮನೆ ಕಿತ್ತುಕೊಂಡೆನೇನೋ ಅನ್ನುವ ಅಳುಕು. ಮರ್ಯಾದೆಯಿಂದ ಒಳಗೆ ಕಾಲಿಟ್ಟೆ ಅಂತ ಒಮ್ಮೆ ಅನ್ನಿಸಿದರೆ ಸಾಕಿತ್ತು.

ಎದುರಿನ ಅಂಗಡಿಯ ಮುಂದೆ ಕೂತಿದ್ದವನೊಬ್ಬ ಎದ್ದು ರಸ್ತೆ ದಾಟಿ ಬಂದ. ಬ್ಯಾಂಕಿನವನು ಅವಳ ಕಡೆ ಬಾಗಿ ಪಿಸುಗುಟ್ಟಿದ: "ಹಳೇ ಓನರ್ರು, ಬಸ್ ಕಂಡಕ್ಟರು. ಭಾವಮೈದನಿಗೋಸ್ಕರ ಮನೆ ಅಡ ಇಟ್ರು, ಅವನು ಕೈ ಎತ್ತಿದ. ಒಳಗೆ ಸೇರಿಸ್ಬೇಡಿ. ಒಂದ್ಸಲ ಕೂತ್ರೆ ಎಬ್ಬಿಸೋದು ಕಷ್ಟ."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವನು ಇನ್ನೊಬ್ಬ.

"ಸ್ವಲ್ಪ ಸರೀರಿ," ಅಂದ ಕಂಡಕ್ಟರ್. ಹಿಡಿಕೆಯನ್ನು ಮೇಲಕ್ಕೆತ್ತಿ, ಮೊಣಕಾಲು ಕೊಟ್ಟು ಒಂದು ಸಲ ದಬ್ಬಿದ. ಬಾಗಿಲು ತೆರೆಯಿತು. ಚಪ್ಪಲಿ ಬಿಟ್ಟು ಒಳಗೆ ಹೋದವನು ತಿರುಗಿ, "ಬನ್ನಿ, ಬನ್ನಿ, ಒಳಗೆ ಬನ್ನಿ" ಅಂದುಬಿಟ್ಟ. ಅಂದಮೇಲೆ ಗೊತ್ತಾಯಿತು, ಪಾಪ. ಮುಖ ಇಷ್ಟೇ ಇಷ್ಟಾಯಿತು. ತಟ್ಟನೆ ಹೊರಗೆ ಬಂದ.

"ಬರ್ತೀನಮ್ಮಾ," ಅಂದ, ಚಪ್ಪಲಿ ಮೆಟ್ಟುತ್ತಾ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಲ್ಲ, ಹೋಗ್ತೀನಿ."

ಎಲ್ಲಾದರೂ ಉಂಟೇ! ಸೋಪು ಮಾರಲು ಬಂದವನೂ 'ಬರ್ತೀನಿ' ಅಂದೇ ಹೊರಡುತ್ತಾನೆ. 'ಹಾಗನ್ಬೇಡಿ ಅಣ್ಣಾ' ಅನ್ನಬೇಕಿತ್ತು ಟೈಲರಮ್ಮ. ಬ್ಯಾಂಕಿನವನು ಕಣ್ಣಲ್ಲೇ ಬೇಡ ಅನ್ನುತ್ತಿದ್ದ. ಕಂಡಕ್ಟರ್ ಗೇಟು ದಾಟಿದ.

ಅವನ ಬೆನ್ನು ನೋಡಲಾರದೆ ಅವಳು ಒಳಗೆ ಹೋಗಿ ಬಾಗಿಲು ಎಳೆದಳು. ಅರ್ಧಕ್ಕೆ ಬಂದು ನಿಂತಿತು. ತೆರೆಯುವುದನ್ನು ನೋಡಿದ್ದಳು, ಹಾಕುವುದನ್ನು ಯಾರು ತೋರಿಸಿದ್ದರು? ಇನ್ನು ತಡೆಯಲಾಗಲಿಲ್ಲ. ರಸ್ತೆಗೆ ಓಡಿದಳು.

"ಅಣ್ಣಾ! ಬನ್ನಿ ಅಣ್ಣಾ! ಬಾಗಿಲು ಹಾಕೋಕೆ ಆಗ್ತಿಲ್ಲ!"

ತಿರುವಿನಲ್ಲಿ ಅವನು ನಿಂತ. ಬರಲಿಲ್ಲ.

"ಎಳೆಯೋವಾಗಲೂ ಎತ್ತಿ ಎಳೀಬೇಕು ಕಣಮ್ಮಾ," ಅಂತ ಅಲ್ಲಿಂದಲೇ ಕೂಗಿದ. "ನಾಲ್ಕು ದಿನ ಕಷ್ಟ. ಆಮೇಲೆ ರೂಢಿ ಆಗುತ್ತೆ."