ಹಣಮಪ್ಪನ ಗುಡಿಯಲ್ಲಿ ಕೂತಾತ

ನಮ್ಮ ದೊಡ್ಡವ್ವ ಸುಂದರಬಾಯಿ ಸೋಬಾನ ಹಾಡದೆ ಚಿಮ್ಮನಚೋಡದ ನಮ್ಮ ಓಣಿಯಲ್ಲಿ ಒಂದು ಮದುವೆಯೂ ಆದದ್ದಿಲ್ಲ. ಈ ಸಲ ಮಾತ್ರ ತೊಗರಿ ರಾಶಿಯ ಧೂಳಿಗೆ ಉಬ್ಬಸ ಕೆರಳಿ, ಅರ್ಧ ಸಾಲಿಗೇ ಉಸಿರು ಕಟ್ಟುತ್ತಿತ್ತು. ನನ್ನ ತಂಗಿ ಸುನಿತಾಳ ಮದುವೆ ಹತ್ತಿರ ಬಂದಿತ್ತು.

“ಡಿಜೆ ಹಚ್ಚಸ್ರಿ. ನನ್ನ ಕಡಿಂದ ಆಗಂಗಿಲ್ಲ,” ಎಂದು ದೊಡ್ಡವ್ವ ಕೈಚೆಲ್ಲಿದಳು. ಸುನಿತಾ ಒಳಗೆ ಹೋಗಿ ಅತ್ತಳು.

ಡಾಕ್ಟರು ಬಾಯಿಗಿಟ್ಟು ಎಳೆಯುವ ಎರಡು ಪಂಪ್ ಕೊಟ್ಟಿದ್ದರು. ನೀಲಿಯದು ಉಸಿರು ಸಿಕ್ಕಿಕೊಂಡಾಗ, ಇನ್ನೊಂದು ದಿನಾ ತಪ್ಪದೆ ಎಳೆಯಲು. ಆ ಇನ್ನೊಂದು ಗೋಡೆಯ ಮಾಡದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು.

“ಎರಡ ದಿನ ಎಳದೆ, ಏನೂ ಆಗಲಿಲ್ಲ. ಬರೇ ಗಾಳಿ ಅದ ಅದರಾಗ,” ಎಂದಳು ದೊಡ್ಡವ್ವ.

ಚಂದಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು ನಾನು, ಸುಮ್ಮನಿರುತ್ತೇನೆಯೇ? ಜೀವಕೋಶ, ಪ್ರೋಟೀನು, ವಂಶವಾಹಿ ಎಂದು ಶುರುಮಾಡಿದೆ. ದೊಡ್ಡವ್ವ ಆಕಳಿಸಿದಳು. ನನಗೆ ಸಿಟ್ಟೇ ಬಂತು. ಕೊನೆಗೆ ಪಾಠ ಬಿಟ್ಟು ಆಕೆಯ ದಾರಿಗೇ ಬಂದೆ.

“ಮದುಮಗ ಊರಿಗಿ ಬಂದ ಕೂಡ್ಲೆ ಹಂದರಕ್ಕ ಬರ್ತಾನೇನು ದೊಡ್ಡವ್ವ?”

“ಹ್ಯಾಂಗ ಬರ್ತಾನ? ಹಣಮಪ್ಪನ ಗುಡ್ಯಾಗ ಕುಂದರ್ತಾನ. ನಾವು ಬಾಜಾ ತಗೊಂಡು ಹೋಗಿ ಎದುರುಗೊಂಡು ಕರಕೊಂಡು ಬರಬೇಕು.”

“ಜೀವಕೋಶ ಅಂದ್ರ ಊರು. ಅದರ ನಡುವಿನ ಕೇಂದ್ರ ಹಂದರ, ಜೀನುಗಳು ಇರೋದು ಅಲ್ಲೇ. ನಿನ್ನ ಎದ್ಯಾಗ ಊತ ಎಬ್ಬಸೋ ಜೀನಿಗಿ ‘ಸುಮ್ಮಕಿರು’ ಅನ್ನೋ ಪ್ರೋಟೀನು ಮದುಮಗನಂಗ ಹೊರಗ ಗುಡ್ಯಾಗ ಕುಂತದ. ಅಲ್ಲಿಂದ ಹೇಳಿದ್ರ ಯಾರೂ ಕೇಳಂಗಿಲ್ಲ. ಈ ಔಷಧ ಹೋಗಿ ಕರದ್ರ ಒಳಗ ಬರ್ತದ. ಬಂದಮ್ಯಾಲೂ ಊತ ಇಳೀಲಿಕ್ಕ ಟೈಮ್ ಹಿಡೀತದ. ದಿನಾ ಕರೀಬೇಕು.”

ದೊಡ್ಡವ್ವ ಗಲ್ಲಕ್ಕೆ ಕೈ ಹಚ್ಚಿದಳು. “ಅಯ್ಯ! ನಾ ನಡು ಹಾದ್ಯಾಗೇ ಬಾಜಾ ನಿಂದರಸೀನಿ ಅನ್ನು. ಬೀಗರಿಗಿ ಹಿಂಗ ಮಾಡ್ತಾರೇನು?”

ಮರುದಿನದಿಂದ “ಬರ್ರಿ ಬೀಗರೆ, ಒಳಗ ಬರ್ರಿ,” ಎಂದು ಪಂಪ್ ಎಳೆದು ಬಾಯಿ ಮುಕ್ಕಳಿಸುತ್ತಿದ್ದಳು. ಮನೆಯವರೆಲ್ಲ ನಕ್ಕರು. ಮೊದಮೊದಲು ಏನೂ ಆಗದೆ ನನಗೇ ಪುಕುಪುಕು ಅನ್ನಿಸಿತು. ಆಮೇಲೊಂದು ಮುಂಜಾನೆ ರೊಟ್ಟಿ ಬಡಿಯುತ್ತ ಆಕೆ ಗುನುಗುವುದು ಕೇಳಿಸಿತು.

ಮದುವೆಯ ದಿನ ಬಾಜಾದೊಂದಿಗೆ ಹಣಮಪ್ಪನ ಗುಡಿಗೆ ಹೋದೆವು. ಮುಂದೆ ದೊಡ್ಡವ್ವ. ಒಂದು ಸಾಲು ಒಂದೇ ಉಸಿರಿಗೆ ಹಾಡಿದಳು, ಇನ್ನೊಂದನ್ನೂ ಹಾಡಿದಳು.

ಹಾಡು ಮುಗಿಸಿ ಮದುಮಗನ ಕೈ ಹಿಡಿದಳು. “ಬರ್ರಿ ಅಳಿಯಂದ್ರೆ. ಮುಂಜಾನಿ ಒಬ್ಬರನ್ನ ಒಳಗ ಕರದೇ ನಿಮ್ಮಲ್ಲಿಗಿ ಬಂದೀನಿ.”

ಆತ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ನಾನು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದೆ.