ಬೊಜೆನಾ ಕಣ್ಣು ತಪ್ಪಿಸಿದ್ದು

ಕುಡಿಯುವ ಮುನ್ನ ಬಾಟಲಿಗೆ ಬಾಟಲಿ ತಾಗಿಸುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡದವರನ್ನು ನಂಬಬಾರದೆಂದು ಲುಡ್ಮಿಲಾಳ ಅಜ್ಜಿ ಹೇಳುತ್ತಿದ್ದಳು. ಚೆಕ್ ದೇಶದ ಬ್ರನೊ ಊರಿನ ಅಜ್ಜಿಯರೆಲ್ಲ ಹೇಳುವುದು ಅದನ್ನೇ. ಹಾಗಿರುವಾಗ, ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನ ನದಿ ದಂಡೆಯ ಬೆಂಚಿನಲ್ಲಿ ಕುಳಿತು ಬಿಯರ್ ಎತ್ತಿದ ಬೊಜೆನಾ ಲುಡ್ಮಿಲಾಳ ಕಣ್ಣು ಬಿಟ್ಟು ಕಿವಿಯ ಕಡೆ ನೋಡಿದ್ದು ಅವಳ ಎದೆಗೆ ಮುಳ್ಳಿನಂತೆ ನಾಟಿತು.

ಬೊಜೆನಾ, ಇರೇನಾ, ಲುಡ್ಮಿಲಾ ಮೂವರೂ ಒಂದೇ ಬೀದಿಯಲ್ಲಿ ಬೆಳೆದವರು. ಬೇಸಿಗೆಯಲ್ಲಿ ಎರಡು ದಿನ ಗಂಡಂದಿರನ್ನು ಬಿಟ್ಟು ಎಲ್ಲಿಗಾದರೂ ಹೋಗುವುದು ಅವರ ರೂಢಿ. ಹೋದಲ್ಲೆಲ್ಲ ಮನೆಯಿಂದ ಕರಿದು ತಂದ ಮಾಂಸದ ಕಟ್ಲೆಟ್ಟೇ ಊಟ. ಪರದೇಶದ ಹೋಟೆಲಿಗೆ ದುಡ್ಡು ಸುರಿಯುವಷ್ಟು ತಲೆ ಕೆಟ್ಟಿರಲಿಲ್ಲ. ಕಾರು ಓಡಿಸುವವಳು ಯಾವಾಗಲೂ ಬೊಜೆನಾ. ಈ ಸಲ ಮಾತ್ರ ಇರೇನಾ ಓಡಿಸಿದಳು. ಯಾಕೆಂದು ಕೇಳಿದರೆ ಬೊಜೆನಾ ಸೊಂಟ ನೋವು ಎಂದಳು. ಸೊಂಟ ನೋವಿನವಳು ಬೆಟ್ಟದ ತುದಿ ನೋಡಲೇಬೇಕೆಂದು ಹಟ ಹಿಡಿಯುತ್ತಾಳೆಯೇ?

ಅದಕ್ಕಿಂತ ಹೆಚ್ಚಾಗಿ ಲುಡ್ಮಿಲಾಳನ್ನು ಕೊರೆಯುತ್ತಿದ್ದದ್ದು ತನ್ನ ಗಂಡ ಓತಾನ ಮಾತು. ಹೊರಡುವಾಗ ಅವನು, "ಬೊಜೆನಾನ ಹುಷಾರಾಗಿ ನೋಡ್ಕೊಳ್ಳೇ, ಮೆಟ್ಟಿಲಲ್ಲಿ ಕೈ ಹಿಡ್ಕೋ" ಎಂದಿದ್ದ. ಹೆಂಡತಿಯ ಕೈಯನ್ನೇ ಎಂದೂ ಹಿಡಿಯದ ಆಸಾಮಿ! ಹೋದ ತಿಂಗಳು ಅವನೂ ಬೊಜೆನಾಳೂ ಅವನ ಕಾರಿನಿಂದ ಇಳಿದದ್ದನ್ನು ಲುಡ್ಮಿಲಾ ಕಿಟಕಿಯಿಂದ ಕಣ್ಣಾರೆ ಕಂಡಿದ್ದಳು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?

ರೋಪ್‌ವೇಯಲ್ಲಿ ಬೆಟ್ಟದ ಮೇಲೆ ಹೋಗುವಾಗ ಇರೇನಾ ಬೊಜೆನಾಳ ತೋಳು ಬಿಡಲಿಲ್ಲ. ಇಬ್ಬರದೂ ಗುಸುಗುಸು. ಲುಡ್ಮಿಲಾ ಹತ್ತಿರ ಬಂದರೆ ಬಾಯಿಗೆ ಬೀಗ. ಓಹೋ, ಇವಳಿಗೂ ಗೊತ್ತು, ನಾನೊಬ್ಬಳೇ ಪೆದ್ದಿ ಎಂದುಕೊಂಡಳು ಲುಡ್ಮಿಲಾ. ಓತಾ ಹೋದರೆ ಹಾಳಾಗಿ ಹೋಗಲಿ, ಬೊಜೆನಾ ಇಲ್ಲದೆ ಬದುಕುವುದು ಹೇಗೆ ಎಂಬ ಭಯವೇ ದೊಡ್ಡದಾಗಿತ್ತು.

ತುದಿ ತಲುಪಿ ಇರೇನಾ ಟಾಯ್ಲೆಟ್ಟಿಗೆ ಹೋದದ್ದೇ ತಡ, ಲುಡ್ಮಿಲಾ ಬೊಜೆನಾಳ ಎದುರಿಗೆ ಬಂದು ನಿಂತಳು.

"ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳೇ. ನಿನಗೂ ಓತಾಗೂ ಏನು ನಡೀತಿದೆ?"

ಬೊಜೆನಾ ಮತ್ತೆ ಅವಳ ಕಿವಿಯ ಕಡೆಗೇ ನೋಡಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು.

"ಓತಾನಾ? ಆ ಗೊರಕೆ ಮೂಟೆನಾ? ಬಿಟ್ಟಿ ಕೊಟ್ರೂ ಬೇಡ ಕಣೇ! ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿದ್ದ, ಅಷ್ಟೇ. ನಿನಗೆ ಹೇಳ್ಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ."

ನಗು ನಿಂತಿತು. "ನೇರ ನೋಡಿದ್ರೆ ನಿನ್ನ ಮುಖ ಇರೋ ಕಡೆ ಬರೀ ಕಪ್ಪು ಕಲೆ, ಲುಡಾ. ಪಕ್ಕಕ್ಕೆ ನೋಡಿದ್ರೆ ಅಂಚಲ್ಲಿ ಒಂಚೂರು ಸಿಗ್ತೀಯ. ಅದೂ ಇನ್ನೆಷ್ಟು ದಿನವೋ. ಅದಕ್ಕೇ ಬೆಟ್ಟ ನೋಡ್ಬೇಕು ಅಂದಿದ್ದು."

"ಇರೇನಾಗೆ ಹೇಳ್ದೆ. ನನಗ್ಯಾಕೆ ಹೇಳ್ಲಿಲ್ಲ?"

"ನೀನು ಅಳ್ತೀಯ. ನಿನ್ನ ಅಳುಮುಖಾನೇ ಕೊನೆಗೆ ನೆನಪಲ್ಲಿ ಉಳಿಯೋದು ಬೇಡ ಅಂತ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಲುಡ್ಮಿಲಾಗೆ. ತುಟಿ ಕಚ್ಚಿ ಅಳು ನುಂಗಿದಳು. ಚೀಲದಿಂದ ಉಳಿದಿದ್ದ ಎರಡು ಬಾಟಲಿ ತೆಗೆದು ಒಂದನ್ನು ಗೆಳತಿಯ ಕೈಗಿಟ್ಟಳು. ಮುಖದ ತುಂಬ ನಗು ತಂದುಕೊಂಡು ಬಾಟಲಿಗೆ ಬಾಟಲಿ ತಾಗಿಸಿದಳು.

"ನನ್ನ ಕಿವಿ ನೋಡೇ," ಎಂದಳು. "ಬೇಗ ಕುಡೀಬೇಡ. ಇನ್ನೂ ಸ್ವಲ್ಪ ಹೊತ್ತು ನೋಡು."