ಹೊಲಿಗೆಯೊಳಗಿನ ಬಟ್ಟೆ

ಕಪಾಟಿನ ಕೆಳಖಾನೆಯನ್ನು ಮಗಳು ಮೂರನೆಯ ಸಲ ನೆಲಕ್ಕೆ ಸುರಿದಳು. ಹಾಸಿಗೆ ಹೊದಿಕೆ, ಎರಡು ಸ್ವೆಟರು, ಗುಂಡಿಗಳ ಡಬ್ಬಿ. ಅಮ್ಮನ ಗೌನು ಮಾತ್ರ ಇಲ್ಲ.

“ಹನ್ನೊಂದಕ್ಕೆ ಪಾಸ್ಟರ್ ಬರ್ತಾರೆ,” ದೊಡ್ಡಮ್ಮ ಬಾಗಿಲಲ್ಲೇ ನಿಂತು ಹೇಳಿದಳು. “ಸಿಕ್ಕಿದ್ದನ್ನ ಹಾಕು. ಹೋದವಳು ಬಂದು ಕೇಳ್ತಾಳಾ?”

“ಆ ನೀಲಿ ಗೌನೇ ಹಾಕ್ಬೇಕು ಅಂತ ಅಮ್ಮ ಎಷ್ಟು ಸಲ ಹೇಳಿದ್ಲು!”

“ಅದನ್ನ ಅವಳೇ ಕತ್ತರಿಸಿ ಹಾಕಿದ್ಲು ಅಂತ ನೀನೇ ಅಂದೆಯಲ್ಲೇ?”

“ಉಳಿದ ಗೌನಾದ್ರೂ ಇಲ್ಲೇ ಎಲ್ಲೋ ಇರ್ಬೇಕು,” ಮಗಳು ಸ್ವೆಟರು ಕೊಡವಿದಳು. ಹೌದು, ಅಂದದ್ದು ಅವಳೇ. ಎದ್ದು ಮುಂದಿನ ಕೋಣೆಗೆ ಹೋದಳು, ಮತ್ತೆ ಒಳಗೆ ಬಂದಳು, ಮತ್ತೆ ಹೋದಳು.

ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಉದ್ದ ಮೇಜಿನ ಮೇಲೆ ಅಮ್ಮ, ಊರಿನವರ ಟೈಲರಮ್ಮ, ಮಲಗಿದ್ದಳು. ಕುತ್ತಿಗೆಯವರೆಗೆ ಬಿಳಿ ದುಪ್ಪಟಿ. ಒಂದು ಕಾಲದಲ್ಲಿ ಕುರ್ಚಿ ತುಂಬ ಕೂರುತ್ತಿದ್ದವಳು ಈಗ ಆ ಮೇಜಿನ ಅರ್ಧವನ್ನೂ ಹಿಡಿದಿರಲಿಲ್ಲ. ಪಕ್ಕದ ಬೆಂಚಿನಲ್ಲಿ ನಿವೃತ್ತ ಅಂಚೆಯವನು ಯಾರಿಗೋ ಹೇಳುತ್ತಿದ್ದ.

“ನನ್ನ ಮದುವೆ ಕೋಟು ಹೊಲಿಯೋಕೆ ಕೊಟ್ಟಿದ್ದೆ. ಕೈಗೆ ಸಿಕ್ಕಿದ್ದು ಯಾವಾಗ ಗೊತ್ತಾ? ಮೊದಲನೇ ಮಗು ಹುಟ್ಟಿದಾಗ! ಆದ್ರೆ ನೋಡಿ, ಇವತ್ತಿಗೂ ಅದೇ ಕೋಟು. ಹೊಟ್ಟೆ ಬಂದ ಹಾಗೆಲ್ಲ ಹೊಲಿಗೆ ಬಿಚ್ಚಿ ಬಿಚ್ಚಿ ಸಡಿಲ ಮಾಡಿ ಕೊಟ್ಲು.”

ಅವನು ಅದನ್ನೇ ತೊಟ್ಟುಕೊಂಡು ಬಂದಿದ್ದ.

*

ಬೇರೆ ಟೈಲರುಗಳು ಬಟ್ಟೆ ಮಿಗಿಸಲು ಅಂಚನ್ನು ಕತ್ತರಿಸಿಬಿಡುತ್ತಿದ್ದರು. ಟೈಲರಮ್ಮ ಪಕ್ಕದ ಹೊಲಿಗೆಯೊಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದಳು. ಮನುಷ್ಯ ಒಂದೇ ಅಳತೆಯಲ್ಲಿ ಇರುವ ಪ್ರಾಣಿಯಲ್ಲ ಎಂಬುದು ಅವಳ ವಾದ.

ಹೊಟ್ಟೆಯ ಕಾಯಿಲೆ ಹಿಡಿದ ಮೊದಲ ವರ್ಷ ಚರ್ಚಿಗೆ ಹೋಗುವ ನೀಲಿ ಗೌನು ಸಡಿಲವಾಯಿತು. ಒಂದಿಂಚು ಒಳಗೆ ಹಿಡಿದಳು. ಮರುವರ್ಷ ಇನ್ನೆರಡು. ಒಳಗೆ ಮಡಿಸಿದ ಬಟ್ಟೆ ದಪ್ಪವಾಗಿ ಪಕ್ಕೆಗೆ ಒತ್ತತೊಡಗಿತು.

“ಕತ್ತರಿಸಮ್ಮ, ಗಾಯ ಆಗಿದೆ,” ಎಂದಿದ್ದಳು ಮಗಳು.

“ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುತ್ತಾ? ಇರಲಿ. ನಾನು ವಾಸಿಯಾಗ್ತೀನಲ್ಲ, ಆಗ ಬೇಕು.”

“ಎಲ್ಲಿವರೆಗೆ ಕಾಯ್ತೀಯಾ?”

“ಊರಿನವರನ್ನೆಲ್ಲ ನಾಳೆ ಬಾ, ನಾಡಿದ್ದು ಬಾ ಅಂತ ಕಾಯಿಸಿದ್ದೀನಿ. ಈಗ ನನ್ನ ಸರದಿ.”

ಹಾಗೆಂದು ಅವಳೇನು ಸಂತಳಾಗಿರಲಿಲ್ಲ. ನೋವು ಏರಿದ ಮಧ್ಯಾಹ್ನಗಳಲ್ಲಿ ಗೋಡೆಗೆ ಮುಖ ಮಾಡಿ ದೇವರ ಜೊತೆ ಜಗಳಕ್ಕೆ ಇಳಿಯುತ್ತಿದ್ದಳು. “ನೀನೂ ಟೈಲರೇನಪ್ಪಾ? ನಾಳೆ ನಾಳೆ ಅಂತ ಎಷ್ಟು ಅಲೆಸ್ತೀಯಾ?” ಬೈದು, ಅತ್ತು, ಮತ್ತೆ ಅವನಿಗೇ ಕೈ ಮುಗಿಯುತ್ತಿದ್ದಳು. ಮಗಳಿಗೆ ಇದೇ ಸಹಿಸಲಾಗುತ್ತಿರಲಿಲ್ಲ. ಬೈದಮೇಲೆ ಬಿಟ್ಟುಬಿಡಬೇಕಪ್ಪ, ಮತ್ತೆ ಯಾಕೆ ಅವನ ಬಾಗಿಲು ಕಾಯಬೇಕು?

*

“ತಾಳಿದವನು ಬಾಳಿಯಾನು ಅಂತಾರೆ,” ದೊಡ್ಡಮ್ಮ ನಿಟ್ಟುಸಿರು ಬಿಟ್ಟಳು. “ಇವಳು ತಾಳಿದ್ದೇ ಬಂತು.”

“ದೊಡ್ಡಮ್ಮ, ಸ್ವಲ್ಪ ಸುಮ್ನಿರ್ತೀಯಾ?” ಮಗಳು ಹೊಲಿಗೆ ಯಂತ್ರದ ಡ್ರಾಯರು ಎಳೆದಳು. ಅಲ್ಲಿದ್ದದ್ದು ಸಣ್ಣ ಕತ್ತರಿ. ಹಾವು ಮುಟ್ಟಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

*

ಎರಡು ವಾರದ ಹಿಂದೆ, ಇನ್ನೇನೂ ಮಾಡಲಾಗದು ಎಂದು ಆಸ್ಪತ್ರೆಯವರು ಅಮ್ಮನನ್ನು ಮನೆಗೆ ಕಳಿಸಿದ ದಿನ. ಮಗಳು ಶಾಲೆಯ ವ್ಯಾನು ಓಡಿಸುವವಳು, ಮಕ್ಕಳನ್ನು ಮನೆಗೆ ಬಿಡಲು ಹೊರಡುವ ಹೊತ್ತು. ಅಮ್ಮ ಹಾಸಿಗೆಯಿಂದ, “ಬಾ, ಒಂದು ನಿಮಿಷ ಪ್ರಾರ್ಥನೆ ಮಾಡಿ ಹೋಗು,” ಎಂದಳು.

“ನಾಲ್ಕು ವರ್ಷ ಆಯ್ತಮ್ಮ! ಅವನು ಬರಲ್ಲ. ನೀನು ವಾಸಿಯಾಗಲ್ಲ. ಒಪ್ಕೊಂಡುಬಿಡು. ನೀನು ಕಾಯೋದನ್ನ ನೋಡಿ ನೋಡಿ ನನಗೆ ಸಾಕಾಗಿ ಹೋಗಿದೆ.”

ಅಮ್ಮ ದಿಂಬಿಗೆ ಒರಗಿ ಎದ್ದು ಕೂತಳು. ಆಮೇಲೆ ಹೇಳಿದಳು, “ಆ ನೀಲಿ ಗೌನು ಕೊಡು. ಸಣ್ಣ ಕತ್ತರೀನೂ.”

ಮಗಳು ಎರಡನ್ನೂ ಹಾಸಿಗೆಯ ಮೇಲೆ ಎಸೆದು ಹೊರಟುಹೋದಳು. ಮರಳಿ ಬಂದಾಗ ಅಮ್ಮ ನಿದ್ದೆಯಲ್ಲಿದ್ದಳು. ಮಡಿಲಲ್ಲಿ ಕತ್ತರಿ, ನೆಲದ ತುಂಬ ನೀಲಿ ಚೂರು, ಗೌನು ಎಲ್ಲೂ ಇಲ್ಲ. ಕೊನೆಗೂ ಆಸೆ ಕೈಬಿಟ್ಟಳು ಎಂದುಕೊಂಡಳು ಮಗಳು. ತಾನೇ ಕೈಬಿಡಿಸಿದೆ ಎಂದು ಆಮೇಲೆ ಅನ್ನಿಸತೊಡಗಿತು. ಬಾಗಿ ನೋಡಲು ಧೈರ್ಯವಿಲ್ಲದೆ ಚೂರುಗಳನ್ನು ಗುಡಿಸಿ ಹೊರಗೆ ಹಾಕಿದಳು. ಮರುದಿನದಿಂದ ಔಷಧಿಯ ಮಂಪರು. ಕೇಳಬೇಕಾದದ್ದು ಕೇಳದೆಯೇ ಉಳಿಯಿತು.

*

“ಸ್ವಲ್ಪ ದಾರಿ ಬಿಡಿ, ಸುಕ್ಕಾಗುತ್ತೆ!”

ಎದುರು ಅಂಗಡಿಯ ಇಸ್ತ್ರಿಯವಳು ಎರಡೂ ಕೈ ಚಾಚಿ ಒಳಗೆ ಬಂದಳು. ಕೈಗಳ ಮೇಲೆ ನೀಲಿ ಗೌನು. ಇನ್ನೂ ಬಿಸಿಯಾಗಿತ್ತು.

ಮಗಳು ಗೌನಿನ ಅಂಚನ್ನು ಮುಟ್ಟಿ ನೋಡಿದಳು. “ಇದು... ನಿಮ್ಮ ಹತ್ರ ಹೇಗೆ?”

“ಅವತ್ತು ಇಸ್ತ್ರಿ ಬಟ್ಟೆ ಕೊಡೋಕೆ ಬಂದಿದ್ದೆ. ಕೂತು ಹೊಲಿಗೆ ಬಿಚ್ತಾ ಇದ್ಲು, ಪಾಪ, ಬೆರಳು ನಡುಗ್ತಾ ಇತ್ತು. ಕೊನೇದು ನಾನೇ ಬಿಚ್ಚಿ, ಒಳಗಿನ ಬಟ್ಟೆಯೆಲ್ಲ ಹೊರಗೆ ಬರೋ ಹಾಗೆ ತುದಿ ಅಂಚಿಗೊಂದು ಹೊಲಿಗೆ ಹಾಕಿದೆ. ಹೊರಡೋ ದಿನ ಬಿಸಿಬಿಸಿ ಇಸ್ತ್ರಿ ಮಾಡಿ ತಾ, ಮೊದಲೇ ತರಬೇಡ ಅಂದ್ಲು.”

“ಬಿಚ್ತಾ ಇದ್ಲಾ? ಕತ್ತರಿಸಲಿಲ್ವಾ?”

“ಟೈಲರಮ್ಮ ಅಂಚು ಕತ್ತರಿಸ್ತಾಳಾ? ಒಳ್ಳೆ ಕತೆ!” ಇಸ್ತ್ರಿಯವಳು ಮೂಗು ಒರೆಸಿಕೊಂಡಳು. “‘ನಮ್ಮ ಹುಡುಗಿ ಹೇಳಿದ್ದು ಸರಿ ಕಣೆ, ಇಲ್ಲಿ ವಾಸಿಯಾಗಲ್ಲ. ಆದ್ರೆ ಕಡೇ ದಿನ ಕರ್ತನು ಸತ್ತವರನ್ನ ಎಬ್ಬಿಸುವಾಗ ನನ್ನನ್ನ ಈ ಕಡ್ಡಿ ಮೈಯಲ್ಲೇ ಎಬ್ಬಿಸ್ತಾನಾ? ಆಗ ಗೌನು ಬಿಗಿಯಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?’ ಅಂತ ನಕ್ಕಳು. ನಾನೂ ನಕ್ಕೆ.”

ದಾರ. ಅವತ್ತು ಗುಡಿಸಿದ್ದು ಬರೀ ದಾರದ ಚೂರು. ಟೈಲರ ಮಗಳಾಗಿ ದಾರಕ್ಕೂ ಬಟ್ಟೆಗೂ ವ್ಯತ್ಯಾಸ ನೋಡದೆ ಹೋದಳಲ್ಲ! ಮಗಳು ಮೇಜಿನ ಕಾಲಿಗೆ ಒರಗಿ ಕೂತಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಿಕ್ಕಿ ಬಿಕ್ಕಿ ಬಂತು.

ಪರದೆ ಎಳೆದು ಮೂವರು ಹೆಂಗಸರೂ ಗೌನು ತೊಡಿಸಿದರು. ಪಕ್ಕಗಳಲ್ಲಿ ಬಿಚ್ಚಿದ ಬಟ್ಟೆ ಹರಡಿಕೊಂಡಿತು. ಉಳಿದ ಗೌನು ತೊಳೆದು ತೊಳೆದು ಬೂದು ಬಣ್ಣಕ್ಕೆ ತಿರುಗಿತ್ತು, ಆ ಪಟ್ಟಿಗಳು ಮಾತ್ರ ಬಿಸಿಲು ಕಾಣದೆ ಅಂಗಡಿಯಿಂದ ತಂದ ದಿನದ ಕಡುನೀಲಿಯಲ್ಲೇ ಇದ್ದವು. ದೊಡ್ಡಮ್ಮ ತುಟಿಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು, ಬೆನ್ನಿನ ಹತ್ತಿರ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಳು.

“ಬೇಡ ದೊಡ್ಡಮ್ಮ.”

“ಗೋಣಿಚೀಲದ ಥರ ಕಾಣುತ್ತೆ ಕಣೆ. ಟೈಲರಮ್ಮನಿಗೇ ಅಳತೆ ತಪ್ಪಿದ ಬಟ್ಟೆ ಅಂತ ಜನ ಆಡ್ಕೊಳಲ್ವಾ?”

“ಅಳತೆ ತಪ್ಪಿಲ್ಲ.” ಮಗಳು ಅಂಗೈ ಚಾಚಿದಳು. ದೊಡ್ಡಮ್ಮ ಅವಳ ಮುಖವನ್ನೇ ನೋಡಿದಳು. ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಅಂಗೈಗೆ ಹಾಕಿದಳು.

ಪಾಸ್ಟರ್ ಬಂದು ಪ್ರಾರ್ಥನೆ ಮಾಡಿದರು. ‘ಆಮೆನ್’ ಎಂದು ಮಗಳು ಎಲ್ಲರಿಗಿಂತ ತಡವಾಗಿ, ಒಬ್ಬಳೇ ಹೇಳಿದಳು. ಅಮ್ಮನನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಿದರು.

“ತಡೀರಿ,” ಅಂಚೆಯವನು ಕೈ ಎತ್ತಿದ. “ಬಟ್ಟೆ ಹೊರಗೆ ಉಳಿದಿದೆ.”

“ಉಳೀಲಿ ಬಿಡಿ,” ಎಂದಳು ಮಗಳು.

ಅಂಚೆಯವನೂ ಸೇರಿ ಆರು ಜನ ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿಕೊಂಡು ಬೀದಿಗೆ ಇಳಿದರು. ಮುಚ್ಚಳದ ಸಂದಿನಿಂದ ಇಣುಕಿದ್ದ ನಾಲ್ಕು ಬೆರಳು ಕಡುನೀಲಿ ಬಟ್ಟೆ, ಮೊದಲ ಸಲ ಬಿಸಿಲಿಗೆ ಬಂದದ್ದು, ಅಂಚೆಯವನ ಹಳೆಯ ಕೋಟಿನ ಭುಜಕ್ಕೆ ತಾಗುತ್ತ ಗಾಳಿಗೆ ಆಡುತ್ತಿತ್ತು.